ನಕ್ಷೆಯಲ್ಲಿ ಇಲ್ಲದ ಗೋಡೆ

ಜೂನ್ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ನಾಶಿಕ್‌ನ ನಮ್ಮ ಕಾಲನಿಯ ಹಿಂಬದಿಯ ಗೋಡೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ನಮ್ಮ ಸೊಸೈಟಿಯ ಕಾರ್ಯದರ್ಶಿ ಮತ್ತು ಇಟ್ಟಿಗೆ ಕೆಲಸದ ಒಬ್ಬ ಗೌಂಡಿ. ಗೋಡೆಯ ಆಚೆ, ನಮ್ಮ ಕಣ್ಣಿಗೆ ಬೀಳದೆ, ಪಕ್ಕದ ಹಳೆಯ ಕಾಲನಿಯ ಅಧ್ಯಕ್ಷರು ನಿಂತಿದ್ದರು. ಅವರು ಬಂದದ್ದು ಕೆಮ್ಮಿನಿಂದ ಗೊತ್ತಾಯಿತು. ಕೆಲಸ ಏಳಕ್ಕೆ ಶುರುವಾಗಬೇಕಿತ್ತು. ಗೌಂಡಿ ಚಹಾ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ನಾನು ಕೈಗಡಿಯಾರ ನೋಡಿದೆ.

ಗೌಂಡಿ ಗುರುತಿನ ಗೆರೆ ಹಾಕುವಷ್ಟರಲ್ಲಿ ಈ ಗೋಡೆ ನಮಗೆ ಹೇಗೆ ಎದುರಾಯಿತೆಂದು ಹೇಳಿಬಿಡುತ್ತೇನೆ. ತಪ್ಪು ನನ್ನದೇ.

ಕೇಂದ್ರ ಸರಕಾರದ ಒಂದು ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ, ಅದೇ ಶಾಖೆಯ ಮುಖ್ಯಸ್ಥನಾಗಿ ನಾನು ನಿವೃತ್ತನಾದೆ. ಊರು ಧಾರವಾಡದ ಕಡೆ. ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ, ಗಂಟೆ ಹೊಡೆದರೆ ದೀಪ ಆರಿಸುವ ಒಂದು ವಸತಿ ಶಾಲೆಯಲ್ಲಿ. ವರ್ಗವಾಗಿ ಮಹಾರಾಷ್ಟ್ರಕ್ಕೆ ಬಂದವರು ತಿರುಗಿ ಹೋಗಲಿಲ್ಲ. ಇಪ್ಪತ್ತಾರು ವರ್ಷ ಸಂಭಾಜಿನಗರದಲ್ಲಿ ಇದ್ದೆವು. ಅಲ್ಲೊಂದು ಸಾಲುಮನೆ ನಮ್ಮ ಸ್ವಂತದ್ದು.

ಆ ವಸತಿಯನ್ನು ಯಾರೋ ತಿಳಿದವರು ಕಾಗದದ ಮೇಲೆ ಯೋಚಿಸಿ ಹಾಕಿದ್ದರು. ಮನೆಗಳ ಸಾಲುಗಳ ನಡುವೆ ಇಬ್ಬರು ಎದುರುಬದುರಾಗಿ ಹಾಯ್ದು ಹೋಗುವಷ್ಟು ಅಗಲದ ಕಾಲುದಾರಿಗಳು. ನಾಲ್ಕು ಸಾಲು ದಾಟಿದರೆ ಬೇವಿನ ಮರಗಳ ಒಂದು ಬಯಲು. ಬಯಲಿನ ಮೂಲೆಯಲ್ಲಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹಾಲಿನವನು, ಒಬ್ಬ ದರ್ಜಿ. ದೊಡ್ಡ ರಸ್ತೆ ಹೊರಗೆ ಉಳಿಯುತ್ತಿತ್ತು, ಕಾಲುದಾರಿ ಮನೆಯ ಬಾಗಿಲಿಗೆ ಬರುತ್ತಿತ್ತು. ನಾನು ಕಚೇರಿಗೆ ಸೈಕಲ್ ಮೇಲೆ ಹೋದೆ, ಕೊನೆಯ ದಿನದವರೆಗೆ. ಸ್ಕೂಟರು ಕೊಳ್ಳಬೇಕೆಂಬ ಮಾತು ಒಂದೆರಡು ಸಲ ಬಂದು, ಅದರಿಂದ ಏನು ತರಬೇಕು ಎಂದು ಕೇಳಿಕೊಂಡಾಗ ಉತ್ತರ ಸಿಗದೆ ಹಾಗೇ ಹೋಯಿತು. ಊರಿನಲ್ಲಿ ತೊಂದರೆ ಇರಲಿಲ್ಲವೆಂದಲ್ಲ. ನೀರು ದಿನ ಬಿಟ್ಟು ದಿನ ಕೂಡ ಬರುತ್ತಿರಲಿಲ್ಲ. ಬಂದ ದಿನ ಅಂಗಳದ ನೆಲದೊಳಗಿನ ಟಾಕಿ ತುಂಬಿಕೊಳ್ಳುವುದೇ ಹಬ್ಬ. ಬೇಸಿಗೆಯಲ್ಲಿ ತಾರಸಿ ಕಾದು ಕಾಲಿಡಲು ಬರುತ್ತಿರಲಿಲ್ಲ. ಆದರೆ ಒಂದು ಲೀಟರ್ ಹಾಲಿಗಾಗಿ ಒಂದು ಎಂಜಿನ್ ಹೊಗೆ ಬಿಟ್ಟದ್ದನ್ನು ನಾನು ಅಲ್ಲಿ ನೋಡಲಿಲ್ಲ.

ನನ್ನ ಹೆಂಡತಿಗೆ ಗ್ಲಾಕೋಮಾ. ಎದುರಿಗಿನದು ಸ್ವಲ್ಪ ಕಾಣುತ್ತದೆ, ಎಡಬಲ ಕಾಣುವುದಿಲ್ಲ. ಪೈಪಿನೊಳಗಿಂದ ನೋಡಿದ ಹಾಗೆ ಎನ್ನುತ್ತಾಳೆ. ಅದು ಒಮ್ಮೆಲೆ ಆದದ್ದಲ್ಲ. ಕಣ್ಣು ಕಡಿಮೆಯಾದಂತೆ ಆಕೆ ಹೆಜ್ಜೆ ಎಣಿಸಲು ಕಲಿತಳು. ಸಂಭಾಜಿನಗರದಲ್ಲಿ ಬಾಗಿಲಿನಿಂದ ಹಾಲಿನವನಲ್ಲಿಗೆ ಎಷ್ಟು, ಅಲ್ಲಿಂದ ಗಿರಣಿಗೆ ಎಷ್ಟು, ಎಲ್ಲಿ ಬೇವಿನ ಬೇರು ಮೇಲೆದ್ದಿದೆ, ಎಲ್ಲಿ ನಾಯಿ ಮಲಗುತ್ತದೆ, ಎಲ್ಲವೂ ಆಕೆಯ ಕಾಲಿಗೆ ಬಾಯಿಪಾಠ. ವಾರಕ್ಕೊಮ್ಮೆ ಜೋಳದ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಒಬ್ಬಳೇ ಗಿರಣಿಗೆ ಹೋಗುವುದು ಆಕೆಯ ನೇಮ. ಪಾಕೀಟಿನ ಹಿಟ್ಟು ನಮ್ಮ ಮನೆಗೆ ಬಂದಿಲ್ಲ. ಕಲ್ಲು ಎಷ್ಟು ಬಿಗಿಯಾಗಿದೆ ಎಂದು ಬೀಳುವ ಹಿಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ ಆಕೆಯೇ ಹೇಳಬೇಕು. ಹಾಗಿಲ್ಲದಿದ್ದರೆ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆಯಂತೆ. ನಾನು ತಂದ ಹಿಟ್ಟಿಗೆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಒಳ್ಳೆಯ ಮಾತು ಬಂದಿಲ್ಲ.

ಕಣ್ಣಿನ ವೈದ್ಯರು ನಾಶಿಕ್‌ನಲ್ಲಿ. ತಿಂಗಳಿಗೊಮ್ಮೆ ಮನ್ಮಾಡ್ ಮೇಲಿಂದ ರೈಲಿನಲ್ಲಿ ಬಂದುಹೋಗುವುದು ಆಕೆಗೆ ಕಷ್ಟವಾಗತೊಡಗಿತು. ಜನಜಂಗುಳಿಯ ಸ್ಟೇಷನ್ನಿನಲ್ಲಿ ಎಡಬಲ ಕಾಣದವರು ನಡೆಯುವುದೆಂದರೆ ಪ್ರತಿ ಹೆಜ್ಜೆಗೂ ಯಾರಾದರೊಬ್ಬರು ತಾಗುತ್ತಾರೆ. ಮಗಳೂ ನಾಶಿಕ್‌ನಲ್ಲೇ ಕೆಲಸದಲ್ಲಿದ್ದಾಳೆ, ಊರಿನ ಇನ್ನೊಂದು ತುದಿಯಲ್ಲಿ. ಹಾಗಾಗಿ ಸಂಭಾಜಿನಗರದ ಮನೆಯನ್ನು ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟು, ನಾಶಿಕ್‌ನ ಹೊಸ ಕಾಲನಿಯೊಂದರಲ್ಲಿ ಮನೆ ಹಿಡಿಯುವುದೆಂದು ತೀರ್ಮಾನಿಸಿದೆವು. ಆಕೆ ಹಾಕಿದ ಷರತ್ತು ಒಂದೇ. ಗಿರಣಿ ನಡೆದು ಹೋಗುವ ಹಾಗೆ ಇರಬೇಕು.

ನಾನು ನನ್ನ ಪದ್ಧತಿಯಂತೆ ಮಾಡಿದೆ. ಹೊಸ ಕಾಲನಿಯ ಮಂಜೂರಾದ ನಕ್ಷೆ ತರಿಸಿದೆ. ಅದರ ಹಿಂದಿರುವ ಹಳೆಯ ಕಾಲನಿಯ ನಕ್ಷೆಯನ್ನೂ ತರಿಸಿದೆ. ಎರಡೂ ಹಾಳೆಗಳನ್ನು ಊಟದ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಟೇಪು ಹಚ್ಚಿದೆ. ನಮ್ಮ ರಸ್ತೆ ಅವರ ರಸ್ತೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಅವರ ರಸ್ತೆಯ ಆ ತುದಿಯಲ್ಲಿ ಗಿರಣಿ, ತರಕಾರಿಯ ಭಾಜಿ ಮಾರ್ಕೆಟ್, ಬಸ್ ನಿಲ್ದಾಣ. ಸ್ಕೇಲು ಇಟ್ಟು ಅಳೆದಾಗ ಮನೆಯ ಬಾಗಿಲಿನಿಂದ ಗಿರಣಿಗೆ ಇನ್ನೂರ ಮೂವತ್ತು ಮೀಟರ್. ಆಕೆಯ ಹೆಜ್ಜೆಯಲ್ಲಿ ನಾಲ್ಕುನೂರ ಇಪ್ಪತ್ತರ ಆಸುಪಾಸು ಎಂದು ಲೆಕ್ಕ ಹಾಕಿ ಹೇಳಿದೆ. ಸರಿ ಅಂದಳು.

ಮನೆ ನೋಡಲು ಎರಡು ಸಲ ಬಂದಿದ್ದೆ. ಎರಡೂ ಸಲ ಮಗಳ ಕಾರಿನಲ್ಲಿ, ಮುಂದಿನ ಗೇಟಿನಿಂದ. ಹಿಂದಿನ ತುದಿಯಲ್ಲಿ ಇನ್ನೂ ಮರಳು, ತಗಡು, ಕಟ್ಟಿಗೆಯ ರಾಶಿ ಇದ್ದವು. ಅತ್ತ ಹೋಗಲಿಲ್ಲ. ಸ್ಥಳಕ್ಕೆ ಹೋಗಿ ನಡೆದು ನೋಡದೆ ನಕ್ಷೆಗೆ ಸಹಿ ಹಾಕಬೇಡಿ ಎಂದು ಕಿರಿಯರಿಗೆ ವರ್ಷಗಟ್ಟಲೆ ಹೇಳಿದವನು ನಾನು.

ಸಾಮಾನು ಇಳಿಸಿದ ಮರುದಿನ ಬೆಳಗ್ಗೆ ಇಬ್ಬರೂ ಹಿಂದಿನ ರಸ್ತೆ ಹಿಡಿದು ಹೊರಟೆವು. ನೂರು ಹೆಜ್ಜೆ ಆಗುವುದರೊಳಗೆ ರಸ್ತೆ ಮುಗಿಯಿತು. ಏಳು ಅಡಿ ಎತ್ತರದ ಇಟ್ಟಿಗೆಯ ಗೋಡೆ, ಈ ಬದಿಯಿಂದ ಆ ಬದಿಗೆ. ಎರಡು ಹಾಳೆಗಳಿಗೆ ನಾನು ಟೇಪು ಹಚ್ಚಿದ್ದೆನಲ್ಲ, ಸರಿಯಾಗಿ ಅದೇ ಗೆರೆಯ ಮೇಲೆ. ಆಚೆಯಿಂದ ಗಿರಣಿಯ ಬೆಲ್ಟು ತಿರುಗುವ ಸದ್ದು ಕೇಳುತ್ತಿತ್ತು. ಹೆಂಡತಿ ಕೋಲಿನಿಂದ ಗೋಡೆ ಮುಟ್ಟಿದಳು, ಆಮೇಲೆ ಕೈಯಿಂದ ಮುಟ್ಟಿದಳು.

"ಅಲ್ರೀ, ನನಗ ಕಣ್ಣಿಲ್ಲ, ಖರೆ. ನಿಮ್ಮ ಸ್ಕೇಲಿಗೂ ಗ್ವಾಡಿ ಕಾಣಸಲಿಲ್ಲೇನು?"

ಆಕೆಯ ಕೈ ಹಿಡಿದು ಮನೆಯ ಕಡೆ ತಿರುಗಿದೆ.

ಗೋಡೆ ಬಳಸಿಕೊಂಡು ಹೋಗಬೇಕಾದರೆ ಮುಂದಿನ ಗೇಟಿನಿಂದ ಹೊರಟು, ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ ದಾಟಿ, ಸಿಗ್ನಲ್‌ವರೆಗೆ ಹೋಗಿ, ಹಳೆಯ ಕಾಲನಿಯ ಆ ತುದಿಯಿಂದ ಒಳಬರಬೇಕು. ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಆ ಸರ್ವಿಸ್ ರಸ್ತೆಯಲ್ಲಿ ವಾಹನಗಳು ಎರಡೂ ಕಡೆಯಿಂದ ಬರುತ್ತವೆ, ನಿಯಮದಂತೆ ಒಂದು, ನಿಯಮ ತಪ್ಪಿ ಒಂದು. ಎಡಬಲ ಕಾಣದವಳು ಒಬ್ಬಳೇ ದಾಟುವ ಮಾತೇ ಇಲ್ಲ. ಆ ದಿನದಿಂದ ಹೆಂಡತಿ ಮನೆಯಿಂದ ಹೊರಬೀಳಬೇಕಾದರೆ ಒಂದೋ ನಾನು ಬೇಕು, ಇಲ್ಲವೆ ರಿಕ್ಷಾ ಬೇಕು, ಇಲ್ಲವೆ ಮಗಳಿಗೆ ಬಿಡುವಿರಬೇಕು. ನಾನು ಗಿರಣಿಯಿಂದ ಹಿಟ್ಟು ತಂದೆ. ರೊಟ್ಟಿಯ ಅಂಚು ಬಿರಿಯಿತು. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಬಾಲ್ಕನಿಯಲ್ಲಿ ಕೂತು ಗಿರಣಿಯ ಸದ್ದು ಕೇಳುತ್ತ ಹೇಳಿದಳು.

"ಕಣ್ಣು ಉಳಿಸ್ಕೊಳ್ಳಿಕ್ಕೆ ಬಂದ್ವಿ, ಕಾಲು ಕಳ್ಕೊಂಡು ಕೂತೇನಿ. ಯಾವುದು ಬೇಕು ಅಂತ ಕೇಳಿದ್ರ, ನಾ ಕಾಲು ಬೇಕು ಅಂತೇನಿ. ವಾಪಸ್ ಹೋಗೂಣು."

ವಾಪಸು ಹೋದರೆ ವೈದ್ಯರು ದೂರ, ಮತ್ತೆ ಮನ್ಮಾಡ್, ಮತ್ತೆ ಆ ಜನಜಂಗುಳಿ. ತಿಂಗಳು ತಪ್ಪಿದರೆ ಉಳಿದ ಕಣ್ಣೂ ಹೋಗಬಹುದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಸಂಭಾಜಿನಗರದ ಬಾಡಿಗೆದಾರರಿಗೆ ನಾನು ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಒಳ್ಳೆಯವರು. ಶಾಲೆ ಜೂನ್ ಮಧ್ಯದಲ್ಲಿ ತೆರೆಯುತ್ತದೆ, ಮನೆ ಬಿಡುವುದಾದರೆ ಮಕ್ಕಳ ದಾಖಲಾತಿ ಬೇರೆ ಕಡೆ ನೋಡಬೇಕು, ಜೂನ್ ಮೊದಲ ಭಾನುವಾರದೊಳಗೆ ಹೇಳಿಬಿಡಿ ಎಂದರು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತಿದೆ. ಆಗ ಏಪ್ರಿಲ್ ಮುಗಿಯುತ್ತಿತ್ತು.

ಗೋಡೆ ನಮಗಷ್ಟೇ ಅಡ್ಡವಾಗಿದೆಯೇ ಎಂದು ನೋಡಲು ಮರುದಿನ ಬೆಳಗ್ಗೆ ಏಳರಿಂದ ಎಂಟರವರೆಗೆ ನೋಟ್‌ಬುಕ್ಕು ಹಿಡಿದು ಮುಂದಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೊರಹೋಗುವ ಪ್ರತಿ ಸ್ಕೂಟರಿಗೆ ಒಂದು ಗೆರೆ, ಒಳಬಂದಾಗ ಅದರ ಮೇಲೆ ಅಡ್ಡಗೆರೆ. ಕೈಯಲ್ಲೇನಿದೆ ಎಂಬುದನ್ನೂ ಬರೆದೆ. ಪುಟ ತುಂಬಿತು. ಹಾಲು, ಪಾವ್, ಕೊತ್ತಂಬರಿ, ಪೇಪರು, ಮತ್ತೆ ಹಾಲು. ಒಬ್ಬರು ನಾಲ್ಕು ಹಸಿಮೆಣಸಿನಕಾಯಿಗೆ ಹೋಗಿ ಬಂದರು. ನಮ್ಮ ಕಾಲನಿಯ ಮುಂದೆ "ಹಸಿರು ವಸತಿ" ಎಂಬ ಬೋರ್ಡಿದೆ. ಮಾಳಿಗೆಯ ಮೇಲೆ ಸೌರ ಫಲಕಗಳಿವೆ, ತೋಟದಲ್ಲಿ ಕುಂಡಗಳೊಳಗೆ ಗಿಡಗಳಿವೆ. ಅವೆಲ್ಲ ಒಳ್ಳೆಯವೇ. ಆದರೆ ಗೋಡೆ ಇಲ್ಲದಿದ್ದರೆ ಆ ಪುಟದ ಗೆರೆಗಳಲ್ಲಿ ಹೆಚ್ಚಿನವು ಬೀಳುತ್ತಲೇ ಇರಲಿಲ್ಲ. ಮನುಷ್ಯರು ಸೋಮಾರಿಗಳಾಗಿ ಸ್ಕೂಟರು ಹತ್ತಲಿಲ್ಲ. ರಸ್ತೆ ಹಾಕಿದವರು, ಮುಚ್ಚಿದವರು ಅವರನ್ನು ಹತ್ತಿಸಿದರು. ಎರಡೂ ಊರಿನ ಜನ ಒಂದೇ ತರಹದವರು. ಬೇರೆ ಇದ್ದದ್ದು ಕಾಲುದಾರಿ.

ಕಾರ್ಯದರ್ಶಿಗೆ ಪುಟ ತೋರಿಸಿದೆ. ಮರಾಠಿ ಹುಡುಗ, ಚುರುಕಿನವನು, ನನ್ನ ಮಗಳಿಗಿಂತ ಚಿಕ್ಕವನು. ನಕ್ಷೆಯಲ್ಲಿ ರಸ್ತೆ ಇದೆ, ಅವರು ಮುಚ್ಚಿದ್ದು ತಪ್ಪು, ಮಹಾನಗರ ಪಾಲಿಕೆಗೆ ದೂರು ಕೊಡೋಣ, ಜೆಸಿಬಿ ಬಂದು ಒಂದು ಗಂಟೆಯಲ್ಲಿ ಕೆಡವುತ್ತದೆ ಎಂದ. ನನಗೂ ಅದು ಸರಿ ಕಂಡಿತು. ನಿಯಮ ನಮ್ಮ ಕಡೆಗಿತ್ತು. ಅರ್ಜಿಯ ಕರಡು ಬರೆದು ಹೆಂಡತಿಗೆ ಓದಿ ಹೇಳಿದೆ.

"ಜೆಸಿಬಿ ತಂದು ಗ್ವಾಡಿ ಕೆಡವಿಸ್ತೀರಿ, ಸೈ. ಆಮ್ಯಾಲೆ ನಾ ದಿನಾ ಅವ್ರ ಬಾಗಿಲ ಮುಂದ ಹಾದು ಹೋಗ್ಬೇಕಲ್ಲ. ಹೋಗಬೇಕಾದಾಕಿ ನಾನು, ನೀವಲ್ಲ."

ಅರ್ಜಿ ಮೇಜಿನ ಖಾನೆಗೆ ಹೋಯಿತು.

ದಾರಿ ತೆಗೆದವಳೂ ಆಕೆಯೇ. ಕಣ್ಣು ಕಡಿಮೆಯಾದಂತೆ ಕಿವಿ ಚುರುಕಾಗಿದೆ. ಬೆಳಗ್ಗೆ ಆರೂವರೆಗೆ ಗೋಡೆಯವರೆಗೆ ನಡೆದು ಬರುವುದು ನಮ್ಮ ವ್ಯಾಯಾಮವಾಗಿತ್ತು. ಒಂದು ದಿನ ಗೋಡೆಯ ಆಚೆ ಯಾರೋ ಫೋನಿನಲ್ಲಿ ಗದರಿಸುತ್ತಿದ್ದರು. ನನಗೆ ಬರೀ ಗದ್ದಲ. ಆಕೆ ಕೈ ಎತ್ತಿ ನನ್ನನ್ನು ನಿಲ್ಲಿಸಿದಳು. ಆಚೆಯವರು ಇಡ್ಲಿ ಹಿಟ್ಟು ಹುಳಿ ಬಂದಿಲ್ಲವೆಂದು, ಕುಂದಾಪುರದ ಕಡೆಯ ಕನ್ನಡದಲ್ಲಿ ಯಾರನ್ನೋ ವಿಚಾರಿಸಿಕೊಳ್ಳುತ್ತಿದ್ದರು. ಆಕೆ ಗೋಡೆಗೆ ಮುಖ ಮಾಡಿ, ಯಾರ್ರೀ ಅಣ್ಣಾರ, ಕನ್ನಡದವರೇನು ಎಂದು ಕೂಗಿದಳು. ಆ ಕಡೆ ಗದರಿಕೆ ನಿಂತಿತು.

ಅವರು ಮಾರ್ಕೆಟ್ಟಿನ ಬಳಿ ಶಾಕಾಹಾರಿ ಹೋಟೆಲು ನಡೆಸುವವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಹಳೆಯ ಕಾಲನಿಯ ಅಧ್ಯಕ್ಷರೂ ಅವರೇ. ಮೂರು ದಿನ ಗೋಡೆಯ ಮೇಲಿಂದ ಮಾತುಕತೆ ನಡೆಯಿತು, ಮುಖ ನೋಡದೆ. ನಾಲ್ಕನೆಯ ದಿನ ಚಹಾಕ್ಕೆ ಕರೆದರು. ಹತ್ತು ಹೆಜ್ಜೆ ಆಚೆಗಿನ ಮನೆಗೆ ನಾವು ರಿಕ್ಷಾ ಮಾಡಿಕೊಂಡು ಸಿಗ್ನಲ್ ಸುತ್ತಿ ಹೋದೆವು. ತಲುಪಿದಾಗ ಅವರು ಗೋಡೆಯ ಬಳಿಯೇ ನಿಂತು ನಮ್ಮ ಕಾಲನಿಯ ಕಡೆಗೆ ಕಿವಿಗೊಟ್ಟು ಕಾಯುತ್ತಿದ್ದರು.

ಚಹಾ ಕುಡಿಯುತ್ತ ನಾನು ವಿಷಯ ಎತ್ತಿದೆ. ಗೋಡೆ ಕಟ್ಟಿಸಿದವರು ತಾವೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ಕಾಲನಿ ಕಟ್ಟುವಾಗ ಸಿಮೆಂಟಿನ ಲಾರಿಗಳು ಅವರ ಓಣಿಯಲ್ಲೇ ಓಡಾಡಿ ರಸ್ತೆ ಕಿತ್ತುಹಾಕಿದ್ದವು. ಆಮೇಲೆ ಮನೆ ನೋಡಲು ಬಂದವರ ಕಾರುಗಳು ಅವರ ಬಾಗಿಲುಗಳಿಗೆ ಅಡ್ಡ ನಿಂತವು. ರಂಗೋಲಿಯ ಮೇಲೆ ಚಕ್ರ ಹಾಯಿಸಿಕೊಂಡು ಹೋದವರಿದ್ದರು. ಕೇಳಿದರೆ ಜಗಳ. ಕೊನೆಗೆ ಗೋಡೆ.

"ಜನ ಬಂದರೆ ನಮಗೆ ತೊಂದರೆ ಇಲ್ಲ ಸಾರ್. ಚಕ್ರ ಬರಬಾರದು. ಒಂದು ಚಕ್ರಕ್ಕೆ ಬಿಟ್ಟರೆ ಹಿಂದಿನಿಂದ ನಾಲ್ಕು ಚಕ್ರ ಬರ್ತದೆ. ಎಂತ ಮಾಡುವುದು ಹೇಳಿ."

"ನನಗ ಚಕ್ರ ಎಲ್ಲಿ ಅವ ಅಣ್ಣಾರ?" ಎಂದು ಹೆಂಡತಿ ಕೇಳಿದಳು. "ಇರೋವು ಎರಡು ಕಾಲು. ಅವನ್ನೂ ನೀವು ಮನ್ಯಾಗ ಕೂಡಿಸೀರಿ."

ಅವರು ನಗಲಿಲ್ಲ. ಲೋಟ ಕೆಳಗಿಟ್ಟು, ಚಕ್ರ ಬಾರದ ಹಾಗೆ ಒಂದು ದಾರಿ ಬರೆದು ತಂದರೆ ತಮ್ಮ ಸಭೆಯಲ್ಲಿ ಇಡುವುದಾಗಿ ನನಗೆ ಹೇಳಿದರು.

ಬರೆಯುವುದು ನನ್ನ ಕೆಲಸ. ಗೋಡೆಯಲ್ಲಿ ಒಂದು ಸಂದಿ. ಸಂದಿಯ ಆಚೆ ಸ್ವಲ್ಪ ಜಾಗ ಬಿಟ್ಟು ಎದೆಮಟ್ಟದ ಕಬ್ಬಿಣದ ಪೈಪಿನ ಅಡ್ಡಕಟ್ಟು. ಒಳಹೊಕ್ಕವರು ಎಡಕ್ಕೆ ತಿರುಗಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಬಲಕ್ಕೆ ತಿರುಗಿದರೆ ಓಣಿ. ಮನುಷ್ಯ ತಿರುಗುತ್ತಾನೆ, ಉದ್ದನೆಯ ಸ್ಕೂಟರು ತಿರುಗಲಾರದು. ಕಾರ್ಯದರ್ಶಿಯ ಸ್ಕೂಟರನ್ನು ಟೇಪು ಹಿಡಿದು ಅಳೆದೆ. ಎರಡು ದಿನದಲ್ಲಿ ನಕ್ಷೆ ಸಿದ್ಧವಾಯಿತು. ಸಂದಿಯ ಅಗಲ ಎರಡೂವರೆ ಅಡಿ.

ಈ ಸಲ ಕಾಗದವನ್ನು ನಂಬಲಿಲ್ಲ. ತಾರಸಿಯ ಮೇಲೆ ಸೀಮೆಸುಣ್ಣದಿಂದ ಅದೇ ಅಳತೆಯ ಗೆರೆಗಳನ್ನು ಎಳೆದು, ಗೋಡೆಯ ಜಾಗದಲ್ಲಿ ಕುರ್ಚಿಗಳನ್ನು ಇಟ್ಟು ಹೆಂಡತಿಯನ್ನು ಕರೆದೆ. ಬಲಗೈಯಲ್ಲಿ ಕೋಲು, ಎಡ ಬಗಲಲ್ಲಿ ಜೋಳದ ಡಬ್ಬಿ. ಮೊದಲ ತಿರುವಿನಲ್ಲೇ ಡಬ್ಬಿ ಕುರ್ಚಿಗೆ ಬಡಿದು ಜೋಳ ಚೆಲ್ಲಿತು.

"ಇದು ನಿಮ್ಮ ಅಳತಿಗೆ ಮಾಡೀರಿ," ಎಂದಳು. "ಕೈ ಬೀಸ್ಕೋತ ಹೋಗೋ ಗಂಡಸಿಗೆ. ಒಂದು ಕೈಯಾಗ ಕೋಲು, ಒಂದು ಬಗಲಾಗ ಡಬ್ಬಿ ಇರೋ ಹೆಣ್ಣಮಗಳಿಗೆ ಮಾಡ್ರಿ. ಕೆಳಗಿನ ಮನಿ ಆಜಿ ಗಾಲಿ ಕುರ್ಚಿ ಮ್ಯಾಲೆ ಕೂತಿರ್ತಾರ. ಅವರು ದಾಟಬಾರದೇನು?"

ಜೋಳ ಆರಿಸಿದೆ. ಗೆರೆ ಅಳಿಸಿ, ಅಗಲ ಹೆಚ್ಚಿಸಿ ಮತ್ತೆ ಎಳೆದೆ. ಐದನೆಯ ಸಲಕ್ಕೆ ಆಕೆ ಎಲ್ಲಿಯೂ ತಾಗದೆ ಹಾದುಹೋದಳು. ಕೆಳಗಿನ ಮನೆಯ ಅಜ್ಜಿಯ ಗಾಲಿಕುರ್ಚಿಯನ್ನು ಖಾಲಿಯಾಗಿ ತಂದು ತಿರುಗಿಸಿ ನೋಡಿದೆ. ಸ್ಕೂಟರು ಮಾತ್ರ ಎರಡನೆಯ ತಿರುವಿನಲ್ಲಿ ಸಿಕ್ಕಿಕೊಳ್ಳಬೇಕು, ನನ್ನ ಲೆಕ್ಕದ ಪ್ರಕಾರ. ಅದನ್ನು ತಾರಸಿಗೆ ಹತ್ತಿಸಲು ಆಗಲಿಲ್ಲ.

ಹಳೆಯ ಕಾಲನಿಯ ಸಭೆ ಮೇ ತಿಂಗಳ ಕೊನೆಯ ವಾರದಲ್ಲಿ ಅವರ ಹಾಲ್‌ನಲ್ಲಿ ಆಯಿತು. ನಾನು ಮರಾಠಿಯಲ್ಲಿ ಹದಿನೈದು ನಿಮಿಷ ಮಾತಾಡಿ, ನಕ್ಷೆ ತೋರಿಸಿ, ಗೇಟಿನಲ್ಲಿ ಬರೆದ ಪುಟವನ್ನೂ ಮುಂದಿಟ್ಟೆ. ಪಾರ್ಕಿಂಗ್, ಕಸ, ಕಳ್ಳರು ಎಂದು ಪ್ರಶ್ನೆಗಳು ಬಂದವು. ಕಸದ ಬಗ್ಗೆ ನಮ್ಮ ಕಾರ್ಯದರ್ಶಿ ಮಾತು ಕೊಟ್ಟ. ಪೂರ್ತಿ ಒಪ್ಪಿಗೆ ಸಿಗಲಿಲ್ಲ. ಸಂದಿ ಒಡೆದು ಸ್ಕೂಟರು ಹಾಯಿಸಿ ನೋಡುವುದು, ಹಾಯ್ದರೆ ಅದೇ ದಿನ ಅದೇ ಇಟ್ಟಿಗೆಯಿಂದ ಮುಚ್ಚುವುದು ಎಂದು ತೀರ್ಮಾನವಾಯಿತು. ದಿನ ಯಾವುದು ಎಂದು ಕೇಳಿದರು. ಜೂನ್ ಮೊದಲ ಭಾನುವಾರ ಎಂದೆ. ಅದಕ್ಕಿಂತ ಮುಂಚೆ ಗೌಂಡಿ ಸಿಗಲಿಲ್ಲ.

ಹೀಗಾಗಿ ಆ ಬೆಳಗ್ಗೆ ಗೋಡೆಯ ಮುಂದೆ ನಾವು ಅಷ್ಟು ಜನ.

ಹನ್ನೊಂದರ ಹೊತ್ತಿಗೆ ಸಂದಿ ತೆರೆಯಿತು. ಇಟ್ಟಿಗೆಗಳನ್ನು ಗೌಂಡಿ ಒಂದೂ ಮುರಿಯದಂತೆ ಬಿಡಿಸಿ ಪಕ್ಕಕ್ಕೆ ಒಟ್ಟಿದ್ದ, ಮುಚ್ಚಬೇಕಾಗಿ ಬಂದರೆ ಇರಲಿ ಎಂದು. ಆಚೆಯ ಅಡ್ಡಕಟ್ಟನ್ನು ಅಧ್ಯಕ್ಷರು ಹಿಂದಿನ ದಿನವೇ ಹೂಳಿಸಿದ್ದರು. ಧೂಳು ಇಳಿದಾಗ ಅವರ ಮುಖ ಕಂಡಿತು. ಅವರ ಬೆನ್ನಿಗೆ ಹಳೆಯ ಕಾಲನಿಯ ಏಳೆಂಟು ಮಂದಿ ಬಂದು ನಿಂತಿದ್ದರು.

ಕಾರ್ಯದರ್ಶಿ ಸ್ಕೂಟರು ತಂದ. ಸಂದಿಯೊಳಗೆ ಮುಂದಿನ ಚಕ್ರ ಹೋಯಿತು. ಮೊದಲ ತಿರುವಿನಲ್ಲಿ ಹ್ಯಾಂಡಲ್ ತಾಗಿತು. ಅವನು ಹಿಂದೆ ತಂದ, ಮುಂದೆ ದೂಡಿದ, ಮತ್ತೆ ಹಿಂದೆ ತಂದ. ಸಿಕ್ಕಿಕೊಂಡಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಇಳಿದು, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಸರಿಸಿ, ಇನ್ನೊಮ್ಮೆ ಎತ್ತಿ, ಸ್ಕೂಟರನ್ನು ಆಚೆ ಓಣಿಯಲ್ಲಿ ತಂದು ನಿಲ್ಲಿಸಿಬಿಟ್ಟ. ಪ್ರಾಮಾಣಿಕ ಹುಡುಗ. ಪರೀಕ್ಷೆ ಎಂದರೆ ಪೂರ್ತಿ ಮಾಡಬೇಕು ಎಂದುಕೊಂಡಿದ್ದ. ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದಾಗ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು.

ಸ್ಕೂಟರು ಎತ್ತುವ ಕೈಯನ್ನು ನನ್ನ ನಕ್ಷೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗೌಂಡಿ ಒಟ್ಟಿದ ಇಟ್ಟಿಗೆಗಳ ಕಡೆ ನೋಡಿದ. ನಾನು ಕ್ಯಾಲೆಂಡರಿನ ಕೆಂಪು ಸುತ್ತನ್ನು ನೆನೆದೆ. ಏನಾಯಿತೆಂದು ಹೆಂಡತಿ ನನ್ನ ತೋಳು ಹಿಡಿದು ಕೇಳಿದಳು. ಹೇಳಿದೆ. ಆಕೆ ಕೋಲನ್ನು ಎರಡೂ ಕೈಯಿಂದ ಹಿಡಿದು ನಿಂತಳು.

ಅಧ್ಯಕ್ಷರು ಅಡ್ಡಕಟ್ಟಿನ ಮೇಲೆ ಮೊಣಕೈ ಊರಿ, ಸೊಂಟ ಹಿಡಿದು ಏದುಸಿರು ಬಿಡುತ್ತಿದ್ದ ಕಾರ್ಯದರ್ಶಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಇವನ ಸೊಂಟ ನೋಡಿ ಮಾರಾಯ್ರೆ," ಎಂದು ನನಗೆ ಹೇಳಿ, ತಮ್ಮವರ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ ಹೇಳಿದರು. ಆಮೇಲೆ ನಮ್ಮ ಕಡೆಗೆ, "ಕೊತ್ತಂಬರಿ ಸೊಪ್ಪಿಗೆ ದಿನಾ ಹೀಗೆ ಸ್ಕೂಟರ್ ಹೊತ್ತುಕೊಂಡು ಬರುವವ ಇದ್ದರೆ ಬರಲಿ. ಅವನಿಗೆ ನಮ್ಮ ಹೋಟೆಲಿನಲ್ಲಿ ಇಡ್ಲಿ ಫ್ರೀ."

ಹಿಂದಿನವರು ನಕ್ಕರು. ಅವರಲ್ಲೊಬ್ಬ ಹಿರಿಯರು ಅಡ್ಡಕಟ್ಟಿನಿಂದ ಓಣಿಗೆ ಇಳಿಯುವ ಜಾಗದಲ್ಲಿ ಇನ್ನೊಂದು ಪೈಪು ಹೂಳಿದರೆ ಎತ್ತಿ ಸರಿಸಲೂ ಆಗದು ಎಂದು ಸೂಚಿಸಿದರು. ಸರಿಯಾದ ಸೂಚನೆ. ಗಾಲಿಕುರ್ಚಿಗೆ ಜಾಗ ಉಳಿಯುತ್ತದೆಯೇ ಎಂದು ಟೇಪು ಹಿಡಿದು ನೋಡಿದೆ. ಉಳಿಯುತ್ತಿತ್ತು. ಗೌಂಡಿ ಅಲ್ಲೇ ಗುಂಡಿ ತೋಡಿ, ಕಾಂಕ್ರೀಟು ಸುರಿದು ಪೈಪು ನಿಲ್ಲಿಸಿದ. ಒಟ್ಟಿದ ಇಟ್ಟಿಗೆಗಳನ್ನು ತಮ್ಮ ಕೈತೋಟದ ಅಂಚಿಗೆ ಬೇಕೆಂದು ಅಧ್ಯಕ್ಷರು ಒಯ್ದರು. ಇಟ್ಟಿಗೆಗಳು ಹೋದದ್ದನ್ನು ನೋಡಿದಾಗಲೇ ನನಗೆ ನಂಬಿಕೆ ಬಂದದ್ದು.

ಮೂರೂವರೆಗೆ ನಾನು ಹೆಂಡತಿಯ ಜೊತೆ ಒಮ್ಮೆ ಗಿರಣಿಯವರೆಗೆ ನಡೆದು ಬಂದೆ, ಆಕೆ ಹೆಜ್ಜೆ ಎಣಿಸಲಿ ಎಂದು. ನಾಲ್ಕುನೂರ ಮೂವತ್ತೆಂಟು. ನನ್ನ ಲೆಕ್ಕಕ್ಕಿಂತ ಹದಿನೆಂಟು ಹೆಚ್ಚು. ತಿರುವುಗಳಿಂದ ಅಷ್ಟು ಕೂಡಿರಬೇಕು ಎಂದೆ. ಇರಲಿ ಬಿಡ್ರಿ ಅಂದಳು. ಮನೆಗೆ ಬಂದು ಡಬ್ಬಿಗೆ ಜೋಳ ತುಂಬಿಕೊಂಡು ಒಬ್ಬಳೇ ಹೊರಟಳು. ನಾನು ಸಂದಿಯವರೆಗೆ ಹೋಗಿ ಅಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯೂ ಹಿಂದೆ ಬರಬಾರದು ಎಂದು ಅಪ್ಪಣೆಯಾಗಿತ್ತು.

ಆಕೆ ಕೋಲಿನಿಂದ ಪೈಪನ್ನು ಒಮ್ಮೆ ತಟ್ಟಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಓಣಿ ಹಿಡಿದಳು. ಆಗ ನಾಲ್ಕು ಗಂಟೆ ಐದು ನಿಮಿಷ. ಹೋಗಲು ಏಳು ನಿಮಿಷ, ಬೀಸಲು ಹತ್ತು, ಬರಲು ಏಳು. ಸಾಲು ಇದ್ದರೆ ಇನ್ನೈದು. ಹೆಚ್ಚೆಂದರೆ ನಾಲ್ಕೂ ಮೂವತ್ತೈದಕ್ಕೆ ಬರಬೇಕು. ನಾಲ್ಕೂ ನಲವತ್ತಾಯಿತು. ಗಿರಣಿಯ ಸದ್ದು ನಿಂತಿತ್ತು. ಓಣಿಯ ತಿರುವಿನಲ್ಲಿ ಯಾರೂ ಇಲ್ಲ. ಮೊಬೈಲು ಒಯ್ದಿರಲಿಲ್ಲ, ಕೈಯಲ್ಲಿ ಮೂರನೆಯದಕ್ಕೆ ಜಾಗವಿಲ್ಲವೆಂದು. ನಾನು ಎರಡು ಸಲ ಸಂದಿಯೊಳಗೆ ಕಾಲಿಟ್ಟು ಎರಡು ಸಲ ಹಿಂದಕ್ಕೆ ತೆಗೆದೆ.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಕೋಲಿನ ಸದ್ದು ಕೇಳಿತು. ಬಗಲಲ್ಲಿ ಡಬ್ಬಿ. ಕೋಲು ಹಿಡಿದ ಕೈಯಲ್ಲಿ ಒಂದು ಮೆಂತೆಯ ಕಟ್ಟು ತೂಗಾಡುತ್ತಿತ್ತು. ತಿರುವುಗಳಲ್ಲಿ ಎಲ್ಲಿಯೂ ತಾಗದೆ ಬಂದು ನನ್ನ ಮುಂದೆ ನಿಂತಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಧ್ವನಿ ಸ್ವಲ್ಪ ಗಟ್ಟಿಯಾಗಿತ್ತು.

"ಎಲ್ಲಿ ಬೇಕೋ ಅಲ್ಲಿ ಹೋಗಿದ್ದೆ. ಕೇಳೋರು ಹೇಳೋರು ಇಲ್ಲದ ಹೋಗಿ ಎಷ್ಟು ದಿನ ಆಗಿತ್ತು."

ಅಷ್ಟೇ ಹೇಳಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಹಿಟ್ಟು ಇನ್ನೂ ಬಿಸಿ ಇತ್ತು, ತಗಡಿನ ಮೇಲಿಂದಲೇ ಗೊತ್ತಾಗುತ್ತಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಕೆಯ ಹಿಂದೆ ನಡೆದೆ.

ಐದೂವರೆಗೆ ಸಂಭಾಜಿನಗರಕ್ಕೆ ಫೋನ್ ಮಾಡಿ, ಮನೆ ನಮಗೆ ಬೇಡ, ನೀವೇ ಇರಿ, ಮಕ್ಕಳನ್ನು ಅದೇ ಶಾಲೆಗೆ ಕಳಿಸಿ ಎಂದು ಹೇಳಿದೆ. ಬಾಡಿಗೆದಾರರ ಮನೆಯಲ್ಲಿ ಯಾರೋ ಜೋರಾಗಿ ಕುಣಿದ ಸದ್ದು ಕೇಳಿತು. ಬಯಲಿನ ಬೇವಿನ ಮರಗಳು ಹೇಗಿವೆ ಎಂದು ವಿಚಾರಿಸಿದೆ. ಇವೆ ಎಂದರು.

ಆರಕ್ಕೆ ಟೇಪು ಹಚ್ಚಿದ ಎರಡು ಹಾಳೆಗಳ ನಕ್ಷೆಯನ್ನು ಮೇಜಿನ ಮೇಲೆ ಹರವಿ, ಕೂಡುಗೆರೆಯ ಮೇಲೆ ಗೋಡೆಯನ್ನು ಎಳೆದೆ. ಅದರಲ್ಲಿ ಸಂದಿ ಬಿಟ್ಟೆ. ಅಡ್ಡಕಟ್ಟು, ಹೊಸ ಪೈಪು ಎರಡನ್ನೂ ಅಳತೆಗೆ ಸರಿಯಾಗಿ ಗುರುತಿಸಿ, ಬದಿಯಲ್ಲಿ ದಿನಾಂಕ ಬರೆದೆ. ಸ್ಥಳದಲ್ಲಿ ನಡೆದು ನೋಡಿದ್ದು ಎಂದೂ ಬರೆದೆ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಅಂಚು ಬಿರಿಯಿತೇ ಎಂದು ಕೇಳಲಿಲ್ಲ. ನಕ್ಷೆ ಸುತ್ತಿಟ್ಟ ಮೇಲೆ ಅಳತೆಯ ಟೇಪನ್ನು ತೆಗೆದುಕೊಂಡೆ. ಅದರ ಮೇಲೆ ಬೆಳಗಿನ ಸಿಮೆಂಟು ಅಲ್ಲಲ್ಲಿ ಒಣಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ಅಡಿ ಅಡಿಯಾಗಿ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಸುತ್ತಿ ಖಾನೆಯಲ್ಲಿ ಇಟ್ಟೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಆರು ಗಂಟೆ ನಲವತ್ತು ನಿಮಿಷ.